ಬೆರಳು ಹೆಣೆದ ಹಲಗೆ

ಮಕ್ಕಳೇ, ಹೂಟಗಳ್ಳಿಯಂತಹ ಬಡಾವಣೆಗಳಲ್ಲಿ ಹೊಸ ಮನೆಗಳಿಗೆ ಕಪಾಟು, ಮೇಜು ಮಾಡುವುದನ್ನು ನೀವು ನೋಡಿರಬಹುದು. ಕೆಲವು ಹಲಗೆಗಳಲ್ಲಿ ಗರಗಸದ ಹಲ್ಲಿನಂತಹ ಗೆರೆಗಳಿರುತ್ತವೆ. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಮರದ ಚಿಕ್ಕ ತುಂಡುಗಳನ್ನು ಜೋಡಿಸಿದ ಗುರುತು ಅದು. ಇದಕ್ಕೆ ‘ಫಿಂಗರ್ ಜಾಯಿಂಟ್’ ಹಲಗೆ ಎನ್ನುತ್ತಾರೆ.

ನೇರವಾಗಿ ಅಂಟಿಸಿದರೆ ಸಾಲದೆ?

ಸಾಲದು. ಮರದಲ್ಲಿ ನಾರುಗಳೂ ನೀರು ಸಾಗುವ ಸಣ್ಣ ನಳಿಕೆಗಳೂ ಉದ್ದಕ್ಕೆ ಇರುತ್ತವೆ. ಮರವನ್ನು ಅಡ್ಡಲಾಗಿ ಕೊಯ್ದಾಗ ಇವುಗಳ ಬಾಯಿ ತೆರೆದುಕೊಳ್ಳುತ್ತದೆ. ಅಲ್ಲಿ ಹಚ್ಚಿದ ಅಂಟನ್ನು ಅವು ಒಳಗೆ ಹೀರಿಕೊಳ್ಳುತ್ತವೆ. ಆದ್ದರಿಂದ ಜೋಡಣೆ ಬೇಗ ಬಿಟ್ಟುಹೋಗುತ್ತದೆ. ಆದರೆ ಚೂಪಾದ ಹಲ್ಲುಗಳನ್ನು ಕೊರೆದರೆ, ಅವುಗಳ ಓರೆ ಬದಿಗಳು ಹೆಚ್ಚುಕಡಿಮೆ ನಾರಿನ ಉದ್ದಕ್ಕೇ ಇರುತ್ತವೆ. ಅಂಟು ಹಿಡಿಯಲು ಒಳ್ಳೆಯ ಜಾಗವೂ, ಹೆಚ್ಚು ಜಾಗವೂ ಸಿಗುತ್ತದೆ.

ಮಾಡಿ ನೋಡಿ

ಹಾಳೆಯ ಮೇಲೆ 4 ಸೆಂ.ಮೀ. ಉದ್ದದ ಗೆರೆ ಎಳೆಯಿರಿ. ಅದರ ಮೇಲೆ 1 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರದ ನಾಲ್ಕು ಚೂಪು ಹಲ್ಲುಗಳನ್ನು ಬರೆಯಿರಿ. ಹಲ್ಲುಗಳ ಅಂಚಿನ ಮೇಲೆ ದಾರವಿಟ್ಟು ಅಳೆಯಿರಿ. ಸುಮಾರು 20 ಸೆಂ.ಮೀ. ಬರುತ್ತದೆ. ಅಂದರೆ ಐದು ಪಟ್ಟು!

ತಯಾರಿ ಹೇಗೆ?

ಇದಕ್ಕೆ ಹೆಚ್ಚಾಗಿ ಬಳಸುವುದು ರಬ್ಬರ್ ಮರ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮವು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗಗಳಲ್ಲಿ ರಬ್ಬರ್ ತೋಟಗಳನ್ನು ಬೆಳೆಸಿತು. ಸುಮಾರು 25–30 ವರ್ಷಗಳಲ್ಲಿ ಹಾಲು ಕಡಿಮೆಯಾದಾಗ ರಬ್ಬರ್ ಮರವನ್ನು ಕಡಿಯುತ್ತಾರೆ.

1. ಈ ಮರದಲ್ಲಿ ಪಿಷ್ಟ ಹೆಚ್ಚು. ಹುಳುಗಳಿಗೆ ಅದು ಹಬ್ಬದೂಟ! ಆದ್ದರಿಂದ ಕೊಯ್ದ ತುಂಡುಗಳಿಗೆ ಬೋರಾನ್ ಲವಣಗಳ ದ್ರಾವಣವನ್ನು ಒತ್ತಡದಿಂದ ತುಂಬಿಸುತ್ತಾರೆ.
2. ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸುತ್ತಾರೆ. ಹಸಿ ಮರ ಬಳಸಿದರೆ ಮುಂದೆ ಕುಗ್ಗಿ ಸೊಟ್ಟಗಾಗುತ್ತದೆ.
3. ಗಂಟು, ಬಿರುಕುಗಳಿರುವ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ.
4. ತಿರುಗುವ ಅಲಗುಗಳು ತುಂಡುಗಳ ತುದಿಯಲ್ಲಿ ಹಲ್ಲು ಕೊರೆಯುತ್ತವೆ.
5. ಅಂಟು ಹಚ್ಚಿ, ತುದಿಗೆ ತುದಿ ಒತ್ತಿ ಉದ್ದದ ಪಟ್ಟಿ ಮಾಡುತ್ತಾರೆ.
6. ಪಟ್ಟಿಗಳ ಬದಿಗಳನ್ನು ನಯಗೊಳಿಸಿ, ಪಕ್ಕಪಕ್ಕದಲ್ಲಿ ಅಂಟಿಸಿ ಒತ್ತಿದರೆ ಅಗಲವಾದ ಹಲಗೆ. ಕೊನೆಗೆ ಅದನ್ನು ಉಜ್ಜಿ ನುಣುಪು ಮಾಡುತ್ತಾರೆ.

ಏನು ಲಾಭ?

ಅಗಲವಾದ ಒಂದೇ ಹಲಗೆ ಬೇಕೆಂದರೆ ದೊಡ್ಡ ಹಳೆಯ ಮರವೇ ಬೇಕು. ಇಲ್ಲಿ ಗಿಡ್ಡ, ಡೊಂಕು ತುಂಡುಗಳೂ ಸಾಕು. ಹಾಲು ಬತ್ತಿದ ರಬ್ಬರ್ ಮರ ಹಿಂದೆ ಹೆಚ್ಚಾಗಿ ಒಲೆಗೆ ಸೌದೆಯಾಗುತ್ತಿತ್ತು. ಉರಿದ ಮರದ ಇಂಗಾಲ ಹೊಗೆಯೊಂದಿಗೆ ಗಾಳಿಗೆ ಸೇರುತ್ತದೆ. ಮೇಜಾದ ಮರದಲ್ಲಿ ಅದು ಹಲವು ವರ್ಷ ಉಳಿಯುತ್ತದೆ.

ನಿಮ್ಮೂರಿನ ಬಡಗಿಯವರ ಬಳಿ ಇಂತಹ ಹಲಗೆ ಇದೆಯೇ? ಇದ್ದರೆ ಒಂದು ಪಟ್ಟಿಯಲ್ಲಿ ಎಷ್ಟು ತುಂಡುಗಳಿವೆ, ಎಣಿಸಿ ನೋಡಿ.