ಮಗಳ ಮೊದಲ ಬಯೋಡೇಟಾ



ಪಿಯುಸಿ ಫಲಿತಾಂಶ ಬಂದ ಮೇಲೆ ಭದ್ರಾವತಿಯ ಸಂಘಗಳಿಗೆ ಹೋದಾಗಲೆಲ್ಲ ನಮಗೆ ಕೇಳಿಬರುವ ಮಾತು ಒಂದೇ: "ಸಿಸ್ಟರ್, ಕೆಲಸಕ್ಕೆ ಬಯೋಡೇಟಾ ತನ್ನಿ ಅಂತಾರೆ. ನಮ್ಮ ಹುಡುಗಿ ಎಲ್ಲೂ ಕೆಲಸ ಮಾಡಿಲ್ಲ. ಏನಂತ ಬರೀಬೇಕು?"

1936ರಲ್ಲಿ ಸ್ಥಾಪನೆಯಾದ ಎಂಪಿಎಂ ಕಾಗದ ಕಾರ್ಖಾನೆ ನಡೆಯುತ್ತಿದ್ದಾಗ ಊರಿನ ಎಷ್ಟೋ ಮನೆಗಳಿಗೆ ಒಳಗೊಬ್ಬರು ಪರಿಚಯದವರು ಇರುತ್ತಿದ್ದರು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಈಗ ಮಕ್ಕಳು ಶಿವಮೊಗ್ಗದ ಬಟ್ಟೆ ಅಂಗಡಿ, ಆಸ್ಪತ್ರೆ, ಮಾಚೇನಹಳ್ಳಿಯ ಗಾರ್ಮೆಂಟ್ಸ್ ಅಂತ ಬಸ್ಸು ಹತ್ತುತ್ತಾರೆ. ಅಲ್ಲಿ ಅವರ ಪರಿಚಯ ಹೇಳುವುದು ಆ ಒಂದು ಹಾಳೆ.

ಕಂಪ್ಯೂಟರ್ ಅಂಗಡಿಯಲ್ಲಿ "ಬಯೋಡೇಟಾ ಮಾಡಿಕೊಡಿ" ಅಂದರೆ ಕೆಲವರು ಮದುವೆಯ ನಮೂನೆಯನ್ನೇ ಅಚ್ಚು ಹಾಕಿಕೊಡುತ್ತಾರೆ! ಎತ್ತರ, ಬಣ್ಣ, ಜಾತಿ, ರಾಶಿ ಯಾವುದೂ ಬೇಡ. ಆಧಾರ್ ಸಂಖ್ಯೆಯನ್ನೂ ಹಾಕಬೇಡಿ, ಹಾಳೆ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಹೆಸರು, ವಿಳಾಸ, ಫೋನ್ ಮೇಲಿರಲಿ. ಅಪ್ಪನ ನಂಬರ್ ಕೊಟ್ಟು, ಅವರು ಡ್ಯೂಟಿಯಲ್ಲಿದ್ದಾಗ ಬಂದ ಕರೆ ತಪ್ಪಿಹೋದವರನ್ನು ನಾವು ನೋಡಿದ್ದೇವೆ. ಆಮೇಲೆ ಓದು, ವರ್ಷ, ಅಂಕ.

ಇನ್ನು ಅನುಭವದ ಮಾತು. ಒಬ್ಬ ತಾಯಿ "ಏನೂ ಇಲ್ಲ ಸಿಸ್ಟರ್" ಅಂದರು. ನಾವು ಕೂತು ಒಂದೊಂದಾಗಿ ಕೇಳಿದೆವು. ಎರಡು ವರ್ಷದಿಂದ ಸಂಘದ ನಡಾವಳಿ ಪುಸ್ತಕ ಬರೆಯುತ್ತಿದ್ದವಳು ಯಾರು? ಅದೇ ಹುಡುಗಿ. ಉಳಿತಾಯ, ಸಾಲ, ಬಡ್ಡಿ ಕೂಡಿಸಿ ಬ್ಯಾಂಕಿನ ಚಲನ್ ತುಂಬಿದವಳೂ ಅವಳೇ. ಸಂಜೆ ಪಕ್ಕದ ಮನೆಯ ನಾಲ್ಕು ಮಕ್ಕಳಿಗೆ ಪಾಠ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಇದು ಏನೂ ಇಲ್ಲವೇ? "ಲೆಕ್ಕ ಬರುತ್ತದೆ" ಅನ್ನುವ ಬದಲು "15 ಸದಸ್ಯರ ಸಂಘದ ಲೆಕ್ಕವನ್ನು 2 ವರ್ಷ ಬರೆದಿದ್ದೇನೆ" ಎಂದು ಬರೆಸಿದೆವು. ಎನ್ಎಸ್ಎಸ್ ಶಿಬಿರ, ಹೊಲಿಗೆ ತರಬೇತಿ ಇದ್ದರೆ ಅವೂ ಬರಲಿ.

ಇಲ್ಲದ್ದನ್ನು ಸೇರಿಸಬೇಡಿ. "ಟ್ಯಾಲಿ ಬರುತ್ತೆ" ಅಂತ ಹಾಕಿದರೆ ಅಲ್ಲೇ ಕಂಪ್ಯೂಟರ್ ಮುಂದೆ ಕೂರಿಸಿಯಾರು. 18 ತುಂಬದ ಮಗಳ ವಯಸ್ಸು ಹೆಚ್ಚಿಸುವ ಆಸೆಗಂತೂ ಬೀಳಲೇಬೇಡಿ. 2016ರ ಕಾನೂನು ತಿದ್ದುಪಡಿಯಂತೆ 14ರಿಂದ 18ರ ಒಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ನಾವೇ ಸುಳ್ಳು ವಯಸ್ಸು ಕೊಟ್ಟರೆ ನಾಳೆ ಆ ರಕ್ಷಣೆ ಕೇಳುವುದು ಹೇಗೆ? ಜನ್ಮದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆಯೇ ಇರಲಿ.

ಕೊನೆಗೆ ಅವಳನ್ನು ಬಲ್ಲ ಇಬ್ಬರ ಹೆಸರು. ನೆಂಟರಲ್ಲ, ಟೀಚರ್ ಒಬ್ಬರು, ಸಂಘದ ಪ್ರತಿನಿಧಿ ಒಬ್ಬರು ಆಗಬಹುದು. ಅವರನ್ನು ಮೊದಲೇ ಕೇಳಿಕೊಳ್ಳಿ. ಕೆಳಗೆ ದಿನಾಂಕ, ಸಹಿ. ಎಲ್ಲ ಒಂದೇ ಹಾಳೆಯಲ್ಲಿ ಮುಗಿಯಲಿ.

ಅಂಗಡಿಗೆ ಹೋಗುವ ಮುಂಚೆ ಅವಳೇ ನೋಟ್‌ಬುಕ್ಕಿನಲ್ಲಿ ಬರೆಯಲಿ, ನೀವು ಬರೆದುಕೊಡಬೇಡಿ. ಸಂದರ್ಶನದಲ್ಲಿ ಕೇಳುವುದು ಅವಳನ್ನೇ. ಜೊತೆಗೆ ಅಂಕಪಟ್ಟಿಯ ಜೆರಾಕ್ಸ್ ಮಾತ್ರ ಕೊಟ್ಟುಬರಲಿ. ಮೂಲಪ್ರತಿ ತೋರಿಸಿ ವಾಪಸ್ ತರಲಿ.