ಮಾಟುಂಗದ ಎಲೆಯೂಟ

ಮುಂಬಯಿಗೆ ಆಗಮಿಸುವ ಪ್ರವಾಸಿಗರು ಸಾಮಾನ್ಯವಾಗಿ ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್ ಹಾಗೂ ಎಲಿಫೆಂಟಾ ಗುಹೆಗಳನ್ನು ವೀಕ್ಷಿಸಿ ಹಿಂದಿರುಗುತ್ತಾರೆ. ಈ ಮಹಾನಗರದ ಜನಜೀವನವನ್ನು ಹತ್ತಿರದಿಂದ ಅರಿಯಬಯಸುವವರು ಅದರ ಉಪಾಹಾರಗೃಹಗಳಲ್ಲಿಯೂ ಸ್ವಲ್ಪ ಕಾಲ ಕಳೆಯಬೇಕಾಗುತ್ತದೆ. ಇರಾನಿ ಹೋಟೆಲುಗಳ ಚಹಾ ಮತ್ತು ಮಸ್ಕಾ ಪಾವ್, ಮಾಲವಣಿ ಖಾನಾವಳಿಗಳ ಮೀನಿನ ಊಟ, ದಾದರ್ ನಿಲ್ದಾಣದ ಬಳಿ 1960ರ ದಶಕದಲ್ಲಿ ಹುಟ್ಟಿತೆನ್ನಲಾದ ವಡಾಪಾವ್ ಇವೆಲ್ಲವೂ ಬೇರೆ ಬೇರೆ ಕಡೆಗಳಿಂದ ಬಂದು ನೆಲೆಸಿದ ಜನರ ದುಡಿಮೆಯ ಫಲ. ಇವುಗಳ ಸಾಲಿನಲ್ಲಿ ಕನ್ನಡ ನಾಡಿನ ಕರಾವಳಿಯ ಪಾಲು ದೊಡ್ಡದು.

ಈ ಪಾಲನ್ನು ಕಾಣಲು ಮಾಟುಂಗವೇ ಸೂಕ್ತ ಸ್ಥಳ. 1896ರ ಪ್ಲೇಗ್ ಪಿಡುಗಿನ ಬಳಿಕ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟ್ ರೂಪಿಸಿದ ಬಡಾವಣೆಗಳಲ್ಲಿ ಇದೂ ಒಂದು. ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದ ದಕ್ಷಿಣ ಭಾರತೀಯರು ಇಲ್ಲಿ ಬಹುಸಂಖ್ಯೆಯಲ್ಲಿ ನೆಲೆಸಿದರು. ಅವರ ಹಿಂದೆಯೇ ಹೂವಿನ ಅಂಗಡಿ, ಬಾಳೆಎಲೆ, ಫಿಲ್ಟರ್ ಕಾಫಿ ಬಂದವು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲಿಯೇ. ರಾಮ ಆಶ್ರಯ, ಕೆಫೆ ಮದ್ರಾಸ್ ಮುಂತಾದ ಹಳೆಯ ಹೋಟೆಲುಗಳ ಮುಂದೆ ರವಿವಾರ ಬೆಳಿಗ್ಗೆ ಗುಜರಾತಿ, ಮರಾಠಿ ಕುಟುಂಬಗಳೂ ಸರದಿಯಲ್ಲಿ ನಿಂತಿರುತ್ತವೆ. ಮಾಟುಂಗ ರೈಲು ನಿಲ್ದಾಣದ ಸಮೀಪ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಇಂದಿಗೂ ಬಾಳೆಎಲೆಯ ಮೇಲೆ ಸಾರು, ಹುಳಿ, ಪಲ್ಯ ಬಡಿಸಲಾಗುತ್ತದೆ.

ದಕ್ಷಿಣ ಕನ್ನಡದ ಜನರು ಇಷ್ಟು ದೂರ ಬಂದುದೇಕೆ? ಆಗ ಆ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಕರಾವಳಿಯಿಂದ ಮುಂಬಯಿಗೆ ನೇರ ರೈಲು ಇರಲಿಲ್ಲ. ಕೊಂಕಣ ರೈಲುಮಾರ್ಗ ಪೂರ್ಣಗೊಂಡದ್ದು 1998ರಲ್ಲಿ. ಆದರೆ ಸಮುದ್ರಮಾರ್ಗ ತೆರೆದಿತ್ತು. ಸಣ್ಣ ಹಿಡುವಳಿಯಿಂದ ಹೊಟ್ಟೆ ತುಂಬದ ಮನೆಗಳ ಹುಡುಗರು ಹಡಗು ಹತ್ತಿದರು. ಮಠ, ದೇವಾಲಯಗಳ ಅಡುಗೆಯಲ್ಲಿ ಪಳಗಿದ ಕೈಗಳಿಗೆ ನಗರದಲ್ಲಿ ಬೇಡಿಕೆಯಿತ್ತು. 1974ರ ಭೂಸುಧಾರಣೆಯ ನಂತರ ಗೇಣಿಭೂಮಿ ಕಳೆದುಕೊಂಡ ಕುಟುಂಬಗಳಿಂದಲೂ ಅನೇಕರು ಹೋಟೆಲು ಉದ್ಯಮಕ್ಕೆ ಬಂದರು.

ಹೀಗೆ ಬಂದ ಬಾಲಕರ ಬದುಕು ಸುಲಭವಾಗಿರಲಿಲ್ಲ. ಹಗಲು ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಹೋಟೆಲಿನ ಬೆಂಚಿನ ಮೇಲೆಯೇ ಮಲಗುವುದು ಸಾಮಾನ್ಯವಾಗಿತ್ತು. ಇಂಥವರಿಗಾಗಿ ಕರಾವಳಿಯ ಜಾತಿಸಂಘಗಳು ಕನ್ನಡ ರಾತ್ರಿಶಾಲೆಗಳನ್ನು ತೆರೆದವು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಕಾರ್ಯದಲ್ಲಿ ಮೊದಲಿಗರ ಪೈಕಿ ಒಂದು. ರಾತ್ರಿಶಾಲೆಯ ಮೂಲಕ ಮೆಟ್ರಿಕ್ ಮುಗಿಸಿ ವಕೀಲರೋ ಬ್ಯಾಂಕು ಅಧಿಕಾರಿಗಳೋ ಹೋಟೆಲು ಮಾಲಿಕರೋ ಆದವರು ಮುಂಬಯಿ ಕನ್ನಡಿಗರಲ್ಲಿ ಹಲವರಿದ್ದಾರೆ. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಇಷ್ಟು ಹೆಮ್ಮೆಪಡುವ ಅಧ್ಯಾಯ ಬೇರೆ ಇರಲಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು ಕೆಲಸಕ್ಕೆ ನೇಮಿಸುವುದನ್ನು ಕೇಂದ್ರ ಸರ್ಕಾರ 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. ಅಷ್ಟು ಹೊತ್ತಿಗೆ ಊರಿನಲ್ಲಿಯೇ ಶಾಲೆಗಳು ಹೆಚ್ಚಿದ್ದವು. ರಾತ್ರಿಶಾಲೆಗಳಲ್ಲಿ ಹಲವು ಮುಚ್ಚಿಹೋದವು.

ಈ ಹೋಟೆಲುಗಳು ಸದಾ ಎಲ್ಲರ ಆದರಕ್ಕೆ ಪಾತ್ರವಾಗಿದ್ದವೆಂದೂ ಹೇಳಲಾಗದು. 1960ರ ದಶಕದ ಕೊನೆಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಎದ್ದ ಚಳವಳಿಯಲ್ಲಿ ಉಡುಪಿ ಹೋಟೆಲುಗಳು ದಾಳಿಗೆ ಗುರಿಯಾದವು. ಆದರೂ ಅವು ಉಳಿದವು. ಉಳಿಯುವ ಹಾದಿಯಲ್ಲಿ ಊರಿನ ರುಚಿಗೆ ಒಗ್ಗಿಕೊಂಡವು. ಇಂದು ಉಡುಪಿ ಹೋಟೆಲಿನಲ್ಲಿ ಪಾವ್‌ಭಾಜಿ, ಮಿಸಳ್ ಸಿಗುತ್ತವೆ. ಘಾಟಕೋಪರಿನ ಖಾವು ಗಲ್ಲಿಯಲ್ಲಿ ಬೆಣ್ಣೆ, ತರಕಾರಿ, ಕೆಂಪು ಚಟ್ನಿಗಳನ್ನು ಕಾವಲಿಯ ಮೇಲೆಯೇ ಮಸೆದು ಮಾಡುವ ‘ಮೈಸೂರು ಮಸಾಲೆ’ ದೋಸೆಯನ್ನು ಮೈಸೂರಿನವರು ಗುರುತು ಹಿಡಿಯುವುದು ಕಷ್ಟ. ಅದನ್ನು ಹಳಿಯುವ ಬದಲು ಮುಂಬಯಿಯ ಖಾದ್ಯವೆಂದೇ ಸವಿಯುವುದು ಲೇಸು.

ಮಧ್ಯ ರೈಲ್ವೆಯ ಲೋಕಲ್ ಗಾಡಿಯಲ್ಲಿ ಬರುವವರು ಮಾಟುಂಗದಲ್ಲಿ, ಪಶ್ಚಿಮ ರೈಲ್ವೆಯಲ್ಲಿ ಬರುವವರು ಮಾಟುಂಗ ರೋಡಿನಲ್ಲಿ ಇಳಿಯಬೇಕು. ಕಚೇರಿ ವೇಳೆಯ ನೂಕುನುಗ್ಗಲನ್ನು ತಪ್ಪಿಸುವುದು ಒಳಿತು. ಬಡಿಸುವವರು ಈಗ ಉತ್ತರ ಪ್ರದೇಶದಿಂದಲೋ ಒಡಿಶಾದಿಂದಲೋ ಬಂದ ಯುವಕರಾಗಿರಬಹುದು, ಅವರ ಮಾತು ಹಿಂದಿ. ಆದರೆ ಗಲ್ಲಾಪೆಟ್ಟಿಗೆಯ ಬಳಿ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮಾತನಾಡಿಸಿದರೆ, ಚಿಲ್ಲರೆ ಎಣಿಸುತ್ತಿರುವವರು ತಲೆಯೆತ್ತಿ ಊರು ಯಾವುದೆಂದು ಕೇಳುವುದು ಇಂದಿಗೂ ಅಪರೂಪವಲ್ಲ.