ಜಂಗು ಕೆರೆಯುವ ಕಸುಬು

ವಿಜಯಪುರಕ್ಕೆ ಬಂದವರು ಮಲಿಕ್-ಎ-ಮೈದಾನ್ ತೋಪನ್ನು ನೋಡದೆ ಹೋಗುವುದಿಲ್ಲ. 1549ರಲ್ಲಿ ಎರಕ ಹೊಯ್ದ ಆ ತೋಪು ಕಂಚಿನದು. ಅದಕ್ಕೆ ಜಂಗಿನ ಭಯವಿಲ್ಲ. ಅದೇ ಜಿಲ್ಲೆಯ ಮುಳವಾಡದಲ್ಲಿ ಮನೆ ಮುಂದೆ ನಿಂತ ಕಾರಿನದು ಉಕ್ಕಿನ ತಗಡು. ನೀರು, ಗಾಳಿ ಎರಡೂ ತಾಗಿದರೆ ಅದಕ್ಕೆ ಜಂಗು ಹತ್ತಲೇಬೇಕು.

ಈ ಸೀಮೆಯಲ್ಲಿ ಕರಾವಳಿಯ ಉಪ್ಪುಗಾಳಿ ಇಲ್ಲ, ಎರಿ ಮಣ್ಣಿದೆ. ಮುಳವಾಡ ಏತ ನೀರಾವರಿ ಯೋಜನೆ ಆಲಮಟ್ಟಿ ಹಿನ್ನೀರನ್ನು ಎತ್ತಿ ಹೊಲಗಳಿಗೆ ಹರಿಸುತ್ತಿದೆ. ಆ ನೀರಿಗೆ ಹಸಿಯಾದ ಎರಿ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡರೆ ಬೇಗ ಆರುವುದಿಲ್ಲ. ಕಲ್ಲು ಸಿಡಿದು ಬಣ್ಣ ಹಾರಿದ ಜಾಗದಲ್ಲಿ ಜಂಗು ಹುಟ್ಟುತ್ತದೆ. ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಬಣ್ಣವೂ ಗುಳ್ಳೆಯೇಳುತ್ತದೆ.

ಟಿಂಕರಿಂಗ್ ಅಂಗಡಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಕೊನೆಯ ಬಣ್ಣ. ಆದರೆ ಕಸುಬಿನ ಹೆಚ್ಚುಪಾಲು ಕೆರೆಯುವುದರಲ್ಲೇ ಇದೆ. ಮೊದಲು ಮಣ್ಣು, ಎಣ್ಣೆ ಜಿಡ್ಡು ತೊಳೆದು ಒಣಗಿಸಬೇಕು. ಆಮೇಲೆ ತಂತಿ ಬ್ರಷ್. ಅದರ ಹಿಂದೆ 80 ನಂಬರಿನ ಎಮರಿ ಪೇಪರ್, ನಂತರ 120, 220. ತಗಡು ಬೆಳ್ಳಗೆ ಹೊಳೆಯುವವರೆಗೆ ಕೈ ನಿಲ್ಲಬಾರದು. ಬಣ್ಣದ ಅಂಚನ್ನೂ ತೆಳುವಾಗಿ ಇಳಿಜಾರು ಮಾಡಿ ಉಜ್ಜಬೇಕು, ಇಲ್ಲದಿದ್ದರೆ ಮೇಲೆ ಗೆರೆ ಕಾಣುತ್ತದೆ. ತೂತಿನಂಥ ಸಣ್ಣ ಕುಳಿಗಳಲ್ಲಿ ಉಳಿದ ಜಂಗಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚುತ್ತಾರೆ. ಅದು ಜಂಗನ್ನು ಕಪ್ಪು ಫಾಸ್ಫೇಟ್ ಪದರವಾಗಿ ಮಾರ್ಪಡಿಸುತ್ತದೆ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು.

ಬೆತ್ತಲಾದ ತಗಡನ್ನು ಬರಿಗೈಯಿಂದ ಮುಟ್ಟಬಾರದು, ಬೆವರಿನ ಉಪ್ಪೇ ಸಾಕು ಮತ್ತೆ ಜಂಗು ಬರಲು. ತಡಮಾಡದೆ ಪ್ರೈಮರ್ ಹೊಡೆಯಬೇಕು. ಸಾಮಾನ್ಯ ಪ್ರೈಮರ್ ನೀರು ಹೀರುವುದರಿಂದ ಅದೊಂದನ್ನೇ ನಂಬಿ ಗಾಡಿ ಓಡಿಸುವಂತಿಲ್ಲ; ಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಬೀಳಲೇಬೇಕು. ಕೆರೆಯುವ ಬೇಸರಕ್ಕೆ ಜಂಗಿನ ಮೇಲೆಯೇ ಪುಟ್ಟಿ ತುಂಬಿ ಬಣ್ಣ ಹೊಡೆಸಿದರೆ ಒಳಗೆ ತಗಡು ಕರಗುತ್ತಲೇ ಹೋಗುತ್ತದೆ.

ಎಲ್ಲ ಕೆಂಪೂ ರೋಗವಲ್ಲ. ಗಾಡಿ ತೊಳೆದ ಮೇಲೆ ಬ್ರೇಕ್ ಡಿಸ್ಕ್ ಮೇಲೆ ಕಾಣುವ ಜಂಗು ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಅಲ್ಲಿಗೆ ಬಣ್ಣ ತಾಗಿಸಬಾರದು. ಆದರೆ ಸ್ಕ್ರೂಡ್ರೈವರ್ ಒತ್ತಿದಾಗ ತಗಡು ಒಳಗೆ ಕುಸಿದರೆ ಅದು ಮೇಲ್ಜಂಗಲ್ಲ. ಆ ಭಾಗ ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು.

ಮಳೆಗಾಲ ಮುಗಿದ ಕೂಡಲೆ ಮಡ್‌ಗಾರ್ಡಿನ ಒಳಗಿನ ಎರಿ ತೊಳೆಯಿರಿ, ಬಾಗಿಲ ಕೆಳಗಿನ ನೀರು ಹೋಗುವ ಕಿಂಡಿಗಳನ್ನು ಬಿಡಿಸಿ. ಚುಕ್ಕೆಯಷ್ಟು ಜಂಗಿದ್ದಾಗಲೇ ಟಿಂಕರ್ ಬಳಿ ಹೋದರೆ ಖರ್ಚು ಎಮರಿ ಪೇಪರಿನಲ್ಲೇ ಮುಗಿಯುತ್ತದೆ.